ನಲವತ್ತೆರಡನೆಯದು

ನಲವತ್ತೊಂದು ನಾಯಿಗಳಿಗೆ ಕೂರುವುದನ್ನು ಕಲಿಸಿದ್ದೇನೆ
ಮೀರತ್ತಿನ ಮೈದಾನದಲ್ಲಿ, ಮೂಗು ಮರಗಟ್ಟುವ ಬೆಳಗುಗಳಲ್ಲಿ.
ಬೈಠ್ ಅಂದರೆ ಅಂಡು ನೆಲಕ್ಕೆ,
ರುಕ್ ಅಂದರೆ ಉಸಿರೂ ನಿಲ್ಲಬೇಕು.
ಲ್ಯಾಬ್ರಡಾರು, ಅಲ್ಸೇಷನ್ನು, ಕಚ್ಚುಬುದ್ಧಿಯ ಒಂದು ಡಾಬರ್‌ಮನ್ನು.
ಪಿಂಚಣಿ ಬಂತು, ಮಂಡಿನೋವು ಬಂತು,
ಆಮೇಲೆ ಅಣ್ಣನ ಮಗಳು ಚೋಂದಮ್ಮ
ತರಕಾರಿ ಚೀಲದಲ್ಲಿ ಇದನ್ನು ತಂದು
ಅಮ್ಮತ್ತಿಯ ನಮ್ಮ ಜಗಲಿಗೆ ಸುರಿದಳು.

ಡ್ಯಾಶ್‌ಹಂಡ್ ಅಂತೆ.
ಟೈಲರ್ ಉಸ್ಮಾನನ ಮಗಳು ಸಫೂರ ಟೇಪು ಹಿಡಿದು ಅಳೆದಳು:
ಮೂಗಿನಿಂದ ಬಾಲದ ಬುಡಕ್ಕೆ ಇಪ್ಪತ್ತೆರಡು ಇಂಚು,
ಕಾಲು ನಾಲ್ಕೇ.
"ಕಾಲಿಗೆ ಬರುವಷ್ಟರಲ್ಲಿ ಬಟ್ಟೆ ಮುಗಿದಿದೆ, ಹವಾಲ್ದಾರ್ ಮಾವ."
ಸೊಂಟಕ್ಕೆ ಸಿಕ್ಕಿಸಿಕೊಳ್ಳುವಷ್ಟಿದೆ, ಮೊನೆಯೂ ಇದೆ ಅಂತ
ಪೀಚೆ ಎಂದು ಹೆಸರಿಟ್ಟೆ.

ಮೊದಲ ದಿನ. ಬೈಠ್.
ಅದು ನನ್ನ ಮುಖ ನೋಡಿತು,
ತಾಲ್ಲೂಕು ಕಚೇರಿಯ ಗುಮಾಸ್ತ ಅರ್ಜಿ ನೋಡುವ ಹಾಗೆ,
ಲಗತ್ತು ಒಂದೂ ಇಲ್ಲವಲ್ಲ ಎಂಬಂತೆ.
ಕಡಂಬುಟ್ಟಿನ ಚೂರು ಲಗತ್ತಿಸಿದೆ. ಕೂತಿತು.
(ಕೂತದ್ದೋ ನಿಂತದ್ದೋ, ಆ ಎತ್ತರದಲ್ಲಿ ಹೇಳುವುದು ಕಷ್ಟ.)
ಹತ್ತು ಸಲ ಕೂತಿತು.
ಹನ್ನೊಂದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಕೂತು
ನನ್ನ ಕೈ ನೋಡಿತು.

ಫೆಬ್ರವರಿ. ಕಣದ ತುಂಬ ಕಾಫಿ ಒಣಗುತ್ತಿತ್ತು.
ಹಣ್ಣು ತುಳಿಯಬಾರದು ಎಂಬುದನ್ನು ಎರಡೇ ದಿನದಲ್ಲಿ ಕಲಿತಿತು,
ಹೊಗಳಿದೆ, ಡೈರಿಯಲ್ಲೂ ಬರೆದೆ.
ಮೂರನೆಯ ಸಂಜೆ ಕಣದ ನಟ್ಟನಡುವೆ
ಹಾವು ಹರಿದಂಥ ಒಂದು ಗೆರೆ,
ಎರಡೂ ಪಕ್ಕ ಪುಟ್ಟ ಪುಟ್ಟ ಹೆಜ್ಜೆ.
ಅದು ಪಾಠ ಮಾಡಿಕೊಂಡದ್ದು ನನ್ನ ಬೆನ್ನನ್ನು;
ರೇಡಿಯೋ ಹಚ್ಚಿ ಒಳಗೆ ಕೂತರೆ
ಎಷ್ಟು ಹೊತ್ತು ಏಳುವುದಿಲ್ಲ ಇವನು ಎಂಬ ಲೆಕ್ಕವನ್ನು.

ದಡ್ಡ ಅಂದರು ಎದುರುಮನೆಯ ಬೊಳ್ಳಮ್ಮ.
ಹಟಮಾರಿ ತಳಿ ಅಂದರು ದನದ ಡಾಕ್ಟರು.
ಸಫೂರ ಮಾತ್ರ ಗುಂಡಿ ಹೊಲಿಯುತ್ತಾ ಅಂದಳು:
"ಅದಕ್ಕೆ ಅರ್ಥ ಆಗುತ್ತೆ ಮಾವ. ಒಪ್ಪಿಗೆ ಆಗಲ್ಲ."

ಆ ರಾತ್ರಿ ಹದಿನೇಳನೆಯವಳು ನೆನಪಾದಳು. ಮೋತಿ.
ಅರ್ಥವಾಗುವುದೂ ಒಪ್ಪುವುದೂ ಒಂದೇ ಆಗುವ ತನಕ
ಎಂಟು ತಿಂಗಳು ಅವಳನ್ನು ತಿದ್ದಿದವನು ನಾನೇ.
ಸೇತುವೆಯ ಹತ್ತಿರ ಮೂಗೆತ್ತಿದಳು,
ಒಮ್ಮೆ ಹಿಂದಿರುಗಿ ನೋಡಿದಳು.
ನಾನು ಮತ್ತೆ ಅಂದೆ: ಖೋಜ್.
ಹೋದಳು.
ಎಷ್ಟು ಚೆನ್ನಾಗಿ ಹೋದಳು.
ನಮೂನೆಯಲ್ಲಿ ಆಜ್ಞಾಪಾಲನೆ ಎಂಬ ಕಲಮಿಗೆ
ಹತ್ತಕ್ಕೆ ಹತ್ತು ಬರೆದು ರುಜು ಹಾಕಿದೆ,
ಸರಪಳಿಯನ್ನು ಸ್ಟೋರಿಗೆ ಒಪ್ಪಿಸಿ ರಸೀದಿ ಪಡೆದೆ.

ಮೊನ್ನೆ ಸಫೂರಳ ಚೆಂಡು ರಸ್ತೆಯ ಮೋರಿಯೊಳಗೆ ಹೋಯಿತು.
ಪೀಚೆಗೆ ಹೇಳಿದೆ: ಹೋಗು.
ಬಿಲಕ್ಕೆಂದೇ ಹೊಲಿದ ಮೈ ಅದರದು.
ಮೂಗು ಇಟ್ಟಿತು, ಹಿಂದೆ ಸರಿಯಿತು.
ಹೋಗು.
ಕೂತಿತು. ಯಾರೂ ಹೇಳದೆ, ಅಚ್ಚುಕಟ್ಟಾಗಿ.
ಒಳಗೆ ಏನಿತ್ತೋ, ಏನೂ ಇರಲಿಲ್ಲವೋ, ನಾವು ಬಗ್ಗಿ ನೋಡಲಿಲ್ಲ.
ಜೇಬಿನಲ್ಲಿದ್ದ ಒಣಗಿಸಿದ ಹಂದಿಮಾಂಸ ಪೂರ್ತಿ ಅದಕ್ಕೆ ಕೊಟ್ಟೆ.
"ಮಾತೇ ಕೇಳಲಿಲ್ಲವಲ್ಲ ಮಾವ, ಅದಕ್ಕೆ ಬಹುಮಾನವಾ?"
ಚೆಂಡಿನ ಇಪ್ಪತ್ತು ರೂಪಾಯಿ ಹುಡುಗಿಯ ಕೈಗಿಟ್ಟು
ಚಪ್ಪಲಿಯ ಬಾರು ಸರಿಮಾಡುತ್ತ ಕೂತೆ, ಬಹಳ ಹೊತ್ತು.

ಈಗ ಕತ್ತಲಾಗುತ್ತಿದೆ.
ಸಿಲ್ವರ್ ಓಕಿನ ಬುಡದಲ್ಲಿ ಹೆಗ್ಗಣದ ಬಿಲ,
ಹೊರಗೆ ಉಳಿದಿರುವುದು ಬಾಲ ಮಾತ್ರ,
ಮಣ್ಣು ನನ್ನ ಪ್ಯಾಂಟಿನ ತನಕ ಹಾರುತ್ತಿದೆ.
ಬಾ ಎಂದೆ, ಮೈದಾನದ ದನಿ ಬಿಟ್ಟು.
ಬಾಲ ಒಂದು ಗಳಿಗೆ ನಿಂತಿತು.
ಕೇಳಿಸಿದೆ.
ಮತ್ತೆ ಅಲ್ಲಾಡತೊಡಗಿತು.

ಇರಲಿ. ಟಾರ್ಚಿಗೆ ಹೊಸ ಸೆಲ್ಲು ಹಾಕಿಕೊಂಡೇ ಬಂದಿದ್ದೇನೆ.